ಚಿಗವ್ವನ ಪಾಲಿನ ಸೋರೆಕಾಯಿ

ಮೊನ್ನೆ ಮೊಮ್ಮಗಳು ಎಳೆ ಸೋರೆಕಾಯಿ ಹೆರೆಯುತ್ತಿದ್ದಳು. ಆ ಹಸಿ ವಾಸನೆ ನನ್ನನ್ನು ಹಾನಗಲ್ಲ ಕಡೆಯ ನಮ್ಮ ಊರಿಗೆ, ವರದಾ ಹೊಳೆಯ ದಂಡೆಗೆ ಎಳೆದೊಯ್ದಿತು.

ನಮ್ಮ ಹಿತ್ತಲ ಬಳ್ಳಿಯಲ್ಲಿ ಅಜ್ಜಿ ಮನೆಮಂದಿಗೆ ತಲೆಗೊಂದರಂತೆ ಕಾಯಿ ಆರಿಸಿ ಕೆಂಪು ದಾರ ಕಟ್ಟುತ್ತಿದ್ದಳು. ಅವನ್ನು ಯಾರೂ ಕೀಳುವಂತಿರಲಿಲ್ಲ. ಬಲಿತು ಒಣಗಿದ ಬುರುಡೆಗಳನ್ನು ಅಟ್ಟದಲ್ಲಿ ತೂಗುಹಾಕುತ್ತಿದ್ದೆವು. ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂದರೆ ನಡುವಿಗೆ ಕಟ್ಟಿಕೊಂಡು ತೇಲುವುದಕ್ಕೆ ಅವೇ ಆಸರೆ.

ಕಾಕಾನ ಹೊಸ ಹೆಂಡತಿ, ನಮ್ಮ ಚಿಗವ್ವ, ಹೊಳೆಯಿಲ್ಲದ ಸವಣೂರಿನವಳು. ಪಾಪ, ಅವಳಿಗೇನು ಗೊತ್ತು? ದಾರವಿದ್ದ ಕಾಯಿಯೊಂದನ್ನೇ ಕಿತ್ತು ಪಲ್ಯ ಮಾಡಿಬಿಟ್ಟಳು. ಅಜ್ಜಿ ಉಂಡು ಕೈ ತೊಳೆದಳು.

"ಪಲ್ಯಾ ಚಲೋ ಆಗೇತಿ. ಆದ್ರ ಆ ಕಾಯಿ ನಿಂದ ಇತ್ತವಾ. ನೀ ಮನಿ ತುಂಬಿದ ದಿನಾನ ದಾರ ಕಟ್ಟಿದ್ದೆ."

ಚಿಗವ್ವನ ಮುಖ ಬಾಡಿತು. "ಹೊಳಿ ಬಂದ್ರ ನಾ ಏನ್ ಮಾಡ್ಲಿರಿ, ಅತ್ತಿ?"

"ನಂದು ಕಟ್ಕೊ. ನನಗ ಎಮ್ಮಿ ಬಾಲ ಐತಿ."

ಮುಂದಿನ ಮಳೆಗಾಲ ಹೊಳೆ ಅಂಗಳಕ್ಕೇ ಬಂತು. ನಾವೆಲ್ಲ ಬುರುಡೆ ಕಟ್ಟಿಕೊಂಡು ತೇಲುತ್ತ ದಿನ್ನೆ ಸೇರಿದೆವು. ಎಲ್ಲರಿಗಿಂತ ಹಿಂದೆ, ಎಮ್ಮೆಯ ಬಾಲ ಹಿಡಿದು ಅಜ್ಜಿ ಬಂದಳು. ಅವಳು ದಡ ಮುಟ್ಟುವವರೆಗೆ ಚಿಗವ್ವ ಎದೆಮಟ್ಟದ ನೀರಿನಿಂದ ಮೇಲೆ ಬರಲಿಲ್ಲ.

ಮೊಮ್ಮಗಳು ಪಲ್ಯ ಬಡಿಸಿದಳು. ತುತ್ತೆತ್ತುವ ಮುನ್ನ, ಎಂದಿನಂತೆ, ದಾರ ಕಟ್ಟುವ ಅಜ್ಜಿಯ ಹಾಗೆ, ಮನೆಯಲ್ಲಿ ಎಷ್ಟು ಜನರಿದ್ದೇವೆಂದು ಮನಸ್ಸಿನಲ್ಲೇ ಎಣಿಸಿದೆ.