ಬಾಟಲಿಯ ಬೆನ್ನಿನ ನಾಲ್ಕು ಸಾಲು

ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ತಿದ್ದಪ್ಪ ಎಂದೇ ಕರೆಯುತ್ತಿದ್ದರು. ಅಚ್ಚಿಗೆ ಹೋಗುವ ಮೊದಲು ಪ್ರತಿ ಲೇಬಲನ್ನೂ ಓದಿ ತಪ್ಪು ಹುಡುಕುವುದು ಅವನ ಕೆಲಸ. ಶಾಂಪೂ ಇರಲಿ, ಜಾಮ್ ಇರಲಿ, ಇಲಿ ಪಾಷಾಣವೇ ಇರಲಿ, ಅವನ ಕೆಂಪು ಪೆನ್ನಿಗೆ ತಲೆಬಾಗಿಯೇ ಮುಂದಕ್ಕೆ ಹೋಗಬೇಕು. ಆರು ವರ್ಷ ಇದನ್ನೇ ಮಾಡಿ ಮಾಡಿ ಅನುಮಾನ ಅವನ ಮೈಗೇ ಅಂಟಿಕೊಂಡಿತ್ತು. ಬಿಸ್ಕತ್ತು ತಿನ್ನುವ ಮೊದಲು ತಾರೀಖು ನೋಡುತ್ತಿದ್ದ. ತಾರೀಖು ಸರಿಯಿದ್ದರೆ ಅದನ್ನು ಅಚ್ಚು ಹಾಕಿದವನ ಮೇಲೆ ಅನುಮಾನ. ಒಮ್ಮೆ ಬಸ್‌ಸ್ಟಾಪಿನಲ್ಲಿ ಹುಡುಗಿಯೊಬ್ಬಳು ಅವನನ್ನು ನೋಡಿ ನಕ್ಕಿದ್ದಳು. ಯಾಕೆ ನಕ್ಕಳು ಎಂದು ಮೂರು ದಿನ ಯೋಚಿಸಿ, ನಾಲ್ಕನೇ ದಿನ ಧೈರ್ಯ ಮಾಡಿ ಹೋದರೆ ಅವಳು ಯಾರದೋ ಸ್ಕೂಟರಿನ ಹಿಂದೆ ಕೂತು ಹೊರಟಿದ್ದಳು.

ಇಡೀ ಜಗತ್ತಿನಲ್ಲಿ ಅವನು ಅನುಮಾನಪಡದೆ ಬಿಟ್ಟ ಬರಹ ಒಂದೇ ಇತ್ತು. ತಾನೇ ಬರೆದದ್ದು.

ಮನೆಯಲ್ಲಿ ಇದ್ದವರು ಅವನು ಮತ್ತು ಅಕ್ಕ, ಇಬ್ಬರೇ. ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ಅವನ ಮೂಗು ಒರೆಸಿ, ಶಾಲೆಗೆ ಅಟ್ಟಿ, ಮನುಷ್ಯನನ್ನಾಗಿ ಮಾಡಿದವಳು. ಈ ಕೊನೆಯ ಕೆಲಸ ಇನ್ನೂ ಮುಗಿದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಆಸ್ಪತ್ರೆ, ಹೋಟೆಲುಗಳ ಚಾದರ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಉಗಿ ಇಸ್ತ್ರಿಯ ಯಂತ್ರದ ಮುಂದೆ ನಿಲ್ಲುವ ಕೆಲಸ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತಿತ್ತು. ಈ ವಾರ ಬೆಳಿಗ್ಗೆ, ಮುಂದಿನ ವಾರ ಮಧ್ಯಾಹ್ನ, ಅದರ ಮುಂದಿನ ವಾರ ರಾತ್ರಿ. ಅವಳು ಊಟ ಮಾಡುವ ಹೊತ್ತಿಗೆ ಊರು ಮಲಗಿರುತ್ತಿತ್ತು, ಇಲ್ಲವೇ ಹಲ್ಲುಜ್ಜುತ್ತಿರುತ್ತಿತ್ತು.

ತಿದ್ದಪ್ಪನಿಗೆ ಮೊದಲ ಅನುಮಾನ ಬಂದದ್ದು ಅಡುಗೆಮನೆಯಿಂದ. ಒಂದು ಲೋಟದಲ್ಲಿ ಮೆಂತ್ಯ ನೆನೆಯುತ್ತಿತ್ತು. ಒಲೆಯ ಮೇಲೆ ಶುಂಠಿ ಕುದಿಯುತ್ತಿತ್ತು. ಹಣ್ಣಿನ ಬುಟ್ಟಿಯಲ್ಲಿ ಪಪ್ಪಾಯಿ ಬಿಟ್ಟರೆ ಬೇರೇನೂ ಇಲ್ಲ. ಕೇಳಿದರೆ ಅಕ್ಕ, “ಸುಮ್ನೆ ತಿನ್ನೋ, ಒಳ್ಳೇದು” ಎಂದಳು. ಸುಮ್ಮನೆ ಒಳ್ಳೆಯದಾಗುವ ವಸ್ತು ಅವನು ಓದಿದ ಯಾವ ಲೇಬಲ್‌ನಲ್ಲೂ ಇರಲಿಲ್ಲ.

ಆಮೇಲೆ ಸಿಕ್ಕಿದ್ದು ಡೈರಿ. ಬೆಂಕಿಪೊಟ್ಟಣ ಹುಡುಕುತ್ತ ಡಬ್ಬಿಗಳ ಹಿಂದೆ ಕೈ ಹಾಕಿದಾಗ ಬಂತು. ಪುಟ ತಿರುಗಿಸಿದರೆ ತಾರೀಖುಗಳಿಗೆ ಕೆಂಪು ಸುತ್ತು. ಒಮ್ಮೆ ನಾಲ್ಕು ದಿನ. ಆಮೇಲೆ ಎಪ್ಪತ್ತು ದಿನ ಏನೂ ಇಲ್ಲ. ಆಮೇಲೆ ಒಂದೇ ಸಮನೆ ಹನ್ನೊಂದು ದಿನ! ತಿದ್ದಪ್ಪ ಅದನ್ನು ಪ್ರೂಫ್ ಓದಿದಂತೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ. ಯಾರನ್ನೋ ಭೇಟಿಯಾಗುತ್ತಿದ್ದಾಳೆ. ನಡುವೆ ಜಗಳವಾಗಿದೆ. ಈಗ ಮತ್ತೆ ರಾಜಿಯಾಗಿದೆ, ಅದೂ ಬಲು ಜೋರಾಗಿ. ಅಕ್ಕ ಯಾರನ್ನಾದರೂ ಮೆಚ್ಚಿದರೆ ಅವನಿಗೆ ಬೇಸರವಿರಲಿಲ್ಲ. ತನಗೆ ಹೇಳಲಿಲ್ಲವಲ್ಲ ಎಂಬುದು ಮಾತ್ರ ಮುಳ್ಳಿನಂತೆ ಚುಚ್ಚಿತು.

ಭಾನುವಾರ ಸಂಜೆ ಅಕ್ಕ ಚಪ್ಪಲಿ ಮೆಟ್ಟಿ ಹೊರಟಾಗ ಅವನೂ ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಿದ್ದ. ಅವಳು ಪಾರ್ಕಿಗೆ ಹೋದಳು. ಯಾರಿಗೂ ಕಾಯಲಿಲ್ಲ, ಬಸ್ಸು ತಪ್ಪಿದವಳಂತೆ ಬಿರಬಿರನೆ ಸುತ್ತು ಹಾಕತೊಡಗಿದಳು. ಮೂರನೇ ಸುತ್ತಿಗೆ ನಿಂತು ಬೆಂಚು ಹಿಡಿದುಕೊಂಡು, ಅವನು ಅಡಗಿದ್ದ ಮರದ ಕಡೆ ತಿರುಗದೆಯೇ ಹೇಳಿದಳು:

“ಹೊರಗೆ ಬಾರೋ. ನಿನ್ನ ಹೊಟ್ಟೆ ಮರದಿಂದ ಆಚೆ ಕಾಣಿಸ್ತಿದೆ.”

ಅವನು ಹೊರಬಂದು, ಮಾನ ಉಳಿಸಿಕೊಳ್ಳಲು ಮೊದಲೇ ಗದರಿದ. “ಯಾರಕ್ಕಾ ಅವನು?”

“ಯಾವನು?”

“ಡೈರೀಲಿ ಹನ್ನೊಂದು ದಿನ ಸುತ್ತು ಹಾಕಿದ್ದೀಯಲ್ಲ, ಅವನು.”

ಅಕ್ಕ ಅವನ ಮುಖವನ್ನೇ ನೋಡಿದಳು. ನೋಡಿ ನೋಡಿ ನಗು ತಡೆಯಲಾಗದೆ ಬೆಂಚಿನ ಮೇಲೆ ಕುಸಿದಳು. “ಅಯ್ಯೋ ಮಂಕೇ! ಅದು ನನ್ನ ಮುಟ್ಟಿನ ಲೆಕ್ಕ ಕಣೋ!”

ತಿದ್ದಪ್ಪನ ಎರಡು ಕಿವಿಯೂ ಅವನ ಪೆನ್ನಿನ ಬಣ್ಣಕ್ಕೆ ತಿರುಗಿದವು. ಪಕ್ಕದ ಬೆಂಚಿನ ಅಜ್ಜ ಬೇರೆ ಪೇಪರ್ ಕೆಳಗಿಳಿಸಿ ನೋಡಿದ.

ನಗು ನಿಂತ ಮೇಲೆ ಅಕ್ಕ ಹೇಳಿದಳು. ಆರು ತಿಂಗಳಿಂದ ಹೀಗೇ. ಬಂದರೆ ನಿಲ್ಲುವುದಿಲ್ಲ, ನಿಂತರೆ ಬರುವುದಿಲ್ಲ. ಯಂತ್ರದ ಮುಂದೆ ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಕಾದ ಉರುಳೆ ಕೈಯಿಂದ ಒಂದು ಗೇಣು ದೂರ. ಹೋದ ವಾರ ಚಾದರದ ಜೊತೆ ತೋಳೂ ಒಳಗೆ ಹೋಗುವುದರಲ್ಲಿತ್ತು. ಮತ್ತೊಮ್ಮೆ ಹಾಗಾದರೆ ಯಂತ್ರದಿಂದ ತೆಗೆದುಬಿಡುತ್ತಾರೆ.

“ಡಾಕ್ಟರ್ ಹತ್ರ ಹೋಗೋಣ್ವಾ?”

“ಯಾಕೆ? ಎಲ್ಲಾ ನೈಸರ್ಗಿಕವಾಗೇ ಸರಿ ಮಾಡ್ಕೊಳ್ತಿದ್ದೀನಿ. ಶುಂಠಿ, ಮೆಂತ್ಯ, ವಾಕಿಂಗು. ಅದರ ಜೊತೆಗೆ ಒಂದು ಔಷಧೀನೂ ಇದೆ, ಬಾ ತೋರಿಸ್ತೀನಿ.”

ಮನೆಗೆ ಬಂದು ಅಕ್ಕಿ ಡಬ್ಬಿಯ ಹಿಂದಿನಿಂದ ಕಂದು ಬಣ್ಣದ ಬಾಟಲಿ ತೆಗೆದಳು. ಇದು ಎರಡನೆಯದು, ಅರ್ಧ ಮುಗಿದಿತ್ತು. “ಹಿಂದುಗಡೆ ಓದು. ಎಷ್ಟು ಚೆನ್ನಾಗಿ ಬರ್ದಿದ್ದಾರೆ ಗೊತ್ತಾ?”

ಅವನು ತಿರುಗಿಸಿದ. ಸುತ್ತಲೂ ಎಲೆಗಳ ಅಂಚು, ನಡುವೆ ನಾಲ್ಕು ಸಾಲು. ‘ಪ್ರಕೃತಿ ನಿಮ್ಮೊಳಗೆ ಒಂದು ಗಡಿಯಾರವನ್ನಿಟ್ಟಿದೆ. ಅದು ತಪ್ಪಿದರೆ ಹೆದರಬೇಡಿ. ಬೇರು, ತೊಗಟೆ, ಎಲೆಗಳ ಈ ಸಾರ ಅದನ್ನು ಮೃದುವಾಗಿ ಸರಿಪಡಿಸುತ್ತದೆ. ಸಂಪೂರ್ಣ ನೈಸರ್ಗಿಕ, ಆದ್ದರಿಂದ ಸಂಪೂರ್ಣ ನಿರಪಾಯ.’

ಅವನು ಮತ್ತೊಮ್ಮೆ ಓದಿದ. ಈ ನಾಲ್ಕೂ ಸಾಲು ಅವನವೇ.

ಪ್ರೆಸ್ಸಿನಲ್ಲಿ ಒಂದು ಪದ್ಧತಿಯಿತ್ತು. ಸಣ್ಣಪುಟ್ಟ ಗಿರಾಕಿಗಳಿಗೆ ಹೊಸ ಲೇಬಲ್ ಮಾಡುತ್ತಿರಲಿಲ್ಲ. ಎಲೆ ಅಂಚಿನ ಒಂದು ಮಾದರಿ ಇಟ್ಟುಕೊಂಡು ಮೇಲಿನ ಹೆಸರು, ಕಾಯಿಲೆ ಎರಡನ್ನು ಮಾತ್ರ ಬದಲಾಯಿಸುವುದು. ಅದಕ್ಕೆ ‘ತಾಯಿ ಲೇಬಲ್’ ಎಂದು ಹೆಸರು. ಬಿಳಿ ಅಂಗಿಯ ಗಿರಾಕಿಯೊಬ್ಬ ಬಂದು ಹೆಂಗಸರ ಟಾನಿಕ್‌ಗೆ ಲೇಬಲ್ ಬೇಕು ಎಂದಿದ್ದ. ಹಿಂಬದಿ ಖಾಲಿ ಉಳಿಯಿತು. ಮಾಲೀಕರು, “ನಾಲ್ಕು ಸಾಲು ಏನಾದ್ರೂ ತುಂಬ್ಸಪ್ಪ, ಬೋಳುಬೋಳು ಕಾಣ್ತಿದೆ” ಎಂದರು. ತಿದ್ದಪ್ಪ ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ತುಂಬಿಸಿದ್ದ. ‘ಗಡಿಯಾರ’ ಎಂದು ಬರೆದಾಗ ತನಗೆ ತಾನೇ ತಲೆದೂಗಿದ್ದ. ‘ಆದ್ದರಿಂದ’ ಎಂದು ಬರೆದಾಗಲಂತೂ ತಾನು ಇಲ್ಲಿರಬೇಕಾದವನಲ್ಲ ಅನ್ನಿಸಿತ್ತು.

ಆ ಸಂಜೆ ಅವನು ಬಾಯಿ ಬಿಡಲಿಲ್ಲ. ಅಕ್ಕನ ಕಣ್ಣಿನಲ್ಲಿ ಸಣ್ಣವನಾಗುವುದಕ್ಕೆ ಅವನಿಗೆ ಹೆದರಿಕೆ. ಮರುದಿನ ಪ್ರೆಸ್ಸಿಗೆ ಹೋದವನೇ ಹಳೆಯ ಕಡತ ತೆಗೆದ. ಅದೇ ಗಿರಾಕಿಯ ಮೂರು ಲೇಬಲ್‌ಗಳಿದ್ದವು. ಒಂದು ಕೂದಲಿಗೆ, ಒಂದು ಪಿತ್ತಕ್ಕೆ, ಒಂದು ಹೆಂಗಸರಿಗೆ. ಒಳಗಿನ ಪದಾರ್ಥಗಳ ಪಟ್ಟಿ ಮೂರರಲ್ಲೂ ಒಂದೇ, ಪ್ರಮಾಣವೂ ಒಂದೇ. ಆಗ ಅವನೇ ಸಹಿ ಹಾಕಿದ್ದ: ‘ತಪ್ಪಿಲ್ಲ.’

“ಸಾರ್, ಈ ಬಾಟ್ಲಿ ಒಳಗೆ ಏನಿರುತ್ತೆ?”

ಮಾಲೀಕರು ಕನ್ನಡಕದ ಮೇಲಿನಿಂದ ನೋಡಿದರು. “ನಾವು ಹೊರಗಡೆಗೆ ಜವಾಬ್ದಾರರು ಕಣಯ್ಯಾ. ಒಳಗಡೆ ಅವರದು.”

ಲೇಬಲ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಜೇನು ಸುರಿಯುವ ದನಿ.

“ಮುಟ್ಟು ಬರ್ತಾ ಇಲ್ಲ ಅಂದ್ರೆ?”

“ಎರಡು ಚಮಚ ಹೆಚ್ಚು ಮಾಡಿ ಸಾರ್.”

“ನಿಲ್ತಾ ಇಲ್ಲ ಅಂದ್ರೆ?”

“ಎರಡು ಚಮಚ ಹೆಚ್ಚು ಮಾಡಿ ಸಾರ್.”

“ಕುಡಿದು ತಲೆ ಸುತ್ತಿದ್ರೆ?”

“ನೀವು ಯಾರು ಮಾತಾಡ್ತಿರೋದು?” ಎಂದ ದನಿಯಲ್ಲಿ ಜೇನು ಆರಿಹೋಗಿತ್ತು. ಲೈನ್ ಕಟ್ಟಾಯಿತು.

ಸಂಜೆ ಅಕ್ಕ ಬಾಟಲಿಯ ಮುಚ್ಚಳ ತೆಗೆಯುವಾಗ ಅವನು ಸುತ್ತಿ ಬಳಸಿ ಶುರು ಮಾಡಿದ. “ಅದರಲ್ಲಿ ಬರೆದಿದ್ದೆಲ್ಲ ನಿಜ ಇರ್ಬೇಕು ಅಂತೇನಿಲ್ಲಕ್ಕ.”

“ನಿನಗೆ ಬಿಡು, ಕುಡಿಯೋ ನೀರಿನ ಮೇಲೂ ಅನುಮಾನ. ಇಷ್ಟು ಚೆನ್ನಾಗಿ ಬರ್ದೋರು ಓದಿದೋರೇ ಇರ್ತಾರೆ. ಸುಮ್ನೆ ಯಾರೋ ಕೂತು ಗೀಚೋಕಾಗುತ್ತಾ?”

ಬೇರೆ ದಿನವಾಗಿದ್ದರೆ ಈ ಹೊಗಳಿಕೆಗೆ ಉಬ್ಬಿಹೋಗುತ್ತಿದ್ದ. ಆದರೆ ಚಮಚಕ್ಕೆ ಕೈಚಾಚಿದ ಅಕ್ಕ ಹಾಗೇ ಗೋಡೆ ಹಿಡಿದುಕೊಂಡಳು. ಮುಖ ಬಿಳಿಚಿಕೊಂಡಿತು, ತುಟಿಯ ಮೇಲೆ ಬೆವರು ಕಂಡಿತು. ಅವನು ಕುರ್ಚಿ ಎಳೆದು ಕೂರಿಸಿದ. ಲೋಟದ ನೀರು ಕುಡಿದು ಅವಳು ಮತ್ತೆ ಬಾಟಲಿಗೇ ಕೈ ಹಾಕಿದಳು.

“ಅಕ್ಕ, ಅದನ್ನ ಬರ್ದಿದ್ದು ನಾನು.”

“ಹೋಗೋ!”

ಅವನು ಕಣ್ಣು ಮುಚ್ಚಿಕೊಂಡು ಒಪ್ಪಿಸತೊಡಗಿದ. ಪ್ರಕೃತಿ ನಿಮ್ಮೊಳಗೆ ಒಂದು ಗಡಿಯಾರವನ್ನಿಟ್ಟಿದೆ. ಶಾಲೆಯಲ್ಲಿ ಒಂದು ಪದ್ಯವನ್ನೂ ಹೀಗೆ ಒಪ್ಪಿಸಿದವನಲ್ಲ. ಅಕ್ಕ ಬಾಟಲಿ ಹಿಡಿದು ಒಂದೊಂದು ಪದಕ್ಕೂ ಬೆರಳಿಟ್ಟು ನೋಡಿದಳು. “ಎಲ್ಲೋ ಓದಿ ಬಾಯಿಪಾಠ ಮಾಡಿದ್ದೀಯ” ಎಂದು ಮೊದಲು ನಂಬಲಿಲ್ಲ. ಅವನು ತಾಯಿ ಲೇಬಲ್ ಬಗ್ಗೆ, ಕೂದಲಿನ ಬಾಟಲಿಯ ಬಗ್ಗೆ, ಚಹಾದ ಬಗ್ಗೆ ಎಲ್ಲ ಹೇಳಿದ. ಬೈಗುಳಕ್ಕೆ ತಲೆ ಬಗ್ಗಿಸಿ ಕಾದ. ಬೈಗುಳ ಬರಲಿಲ್ಲ.

“ಎಂಟು ಜನಕ್ಕೆ ಹೇಳಿದ್ದೀನಿ ಕಣೋ,” ಎಂದಳು ಅಕ್ಕ ಮೆಲ್ಲಗೆ. “ಲಾಂಡ್ರೀಲಿ ಎಂಟು ಜನಕ್ಕೆ. ಈ ನಾಲ್ಕು ಸಾಲು ನಾನೇ ಓದಿ ಹೇಳಿ ಕೊಡಿಸಿದ್ದೀನಿ.”

ಬುಧವಾರ ಡಾಕ್ಟರಮ್ಮನ ಹತ್ತಿರ ಹೋದರು. ಅಕ್ಕ ಕೈಚೀಲ ಎದೆಗವಚಿಕೊಂಡು, ಈಕೆಯೂ ಏನೋ ಮಾರಲು ಕೂತಿದ್ದಾಳೆ ಎಂಬಂತೆ ಕೂತಳು. ಡಾಕ್ಟರಮ್ಮ ಡೈರಿ ಕೇಳಿದರು. ಪುಟ ತಿರುವಿ, “ಇದು ಒಳ್ಳೇ ಕೆಲಸ ಮಾಡಿದ್ದೀರ. ಅರ್ಧ ಉತ್ತರ ಇದರಲ್ಲೇ ಇದೆ” ಎಂದರು. ತಿದ್ದಪ್ಪನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಅಕ್ಕನ ಜೊತೆ ಮಾತಾಡಿದರು. ರಕ್ತ ತೆಗೆದುಕೊಂಡರು. ಶುಕ್ರವಾರ ಫಲಿತಾಂಶ ಬಂತು: ರಕ್ತ ತುಂಬಾ ಕಡಿಮೆ, ಥೈರಾಯ್ಡ್ ಗ್ರಂಥಿ ಮಂದ. ಎರಡಕ್ಕೂ ಮಾತ್ರೆ ಬರೆದರು.

“ಹಾಗಾದ್ರೆ ಶುಂಠಿ, ಮೆಂತ್ಯ ಎಲ್ಲ ದಂಡಾನಾ?” ಅಕ್ಕನ ದನಿಯಲ್ಲಿ ಇನ್ನೂ ಗುಮಾನಿ.

“ಅಡುಗೆಗೆ ಹಾಕೋ ಅಷ್ಟು ತಿನ್ನಿ, ತೊಂದ್ರೆ ಇಲ್ಲ. ಆದ್ರೆ ಅದು ಈ ಕಾಯಿಲೆಗೆ ಉತ್ತರ ಅಲ್ಲ. ನಡೆಯೋದು ಒಳ್ಳೇದು, ಆದ್ರೆ ರಕ್ತ ಏರೋವರೆಗೂ ನಿಧಾನಕ್ಕೆ. ನಿಮಗೆ ನಿಜವಾಗ್ಲೂ ನೈಸರ್ಗಿಕ ಬೇಕು ಅಂದ್ರೆ ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಊಟ ಮಾಡಿ. ವಾರಕ್ಕೊಂದು ಪಾಳಿ ಬದಲಾದ್ರೆ ಅದಾಗಲ್ಲ. ಚೀಟಿ ಕೊಡ್ತೀನಿ, ಲಾಂಡ್ರೀಲಿ ಕೇಳಿ ನೋಡಿ. ಎರಡು ಮೂರು ತಿಂಗಳು ಬರದೇ ಹೋದ್ರೆ, ವಾರ ದಾಟಿ ನಿಲ್ಲದೇ ಹೋದ್ರೆ, ತಲೆ ಸುತ್ತಿದ್ರೆ ಮನೇಲಿ ಕಾಯ್ಬೇಡಿ.” ಬಾಟಲಿ ತಿರುಗಿಸಿ ಓದಿದರು. “ಇದನ್ನ ನಿಲ್ಸಿ. ನೈಸರ್ಗಿಕ, ಆದ್ದರಿಂದ ನಿರಪಾಯ ಅಂತೆ! ವಿಷದ ಕಾಯೂ ಮರದಲ್ಲೇ ಬಿಡುತ್ತೆ. ಯಾವ ಮಹಾನುಭಾವ ಬರ್ದಿದ್ದು?”

ಅಕ್ಕ ತಮ್ಮನ ಕಡೆ ಹೆಬ್ಬೆರಳು ತೋರಿಸಿದಳು.

ಶನಿವಾರ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಅವಳು ಅವನನ್ನು ಲಾಂಡ್ರಿಯ ಗೇಟಿನ ಮುಂದೆ ನಿಲ್ಲಿಸಿದಳು. ಒದ್ದೆ ಬಟ್ಟೆಯ, ಸೋಪಿನ ಬಿಸಿ ವಾಸನೆ ಬರುತ್ತಿತ್ತು. ಎಂಟು ಹೆಂಗಸರು ಊಟದ ಡಬ್ಬಿ ಹಿಡಿದು ಅವನ ಸುತ್ತ ನಿಂತರು. ತಿದ್ದಪ್ಪ ಗಂಟಲು ಸರಿಮಾಡಿಕೊಂಡು ಹೇಳಬೇಕಾದ್ದನ್ನೆಲ್ಲ ಹೇಳಿದ. ಬರೆಯುವಾಗ ಬಂದ ನಯ ಹೇಳುವಾಗ ಬರಲಿಲ್ಲ. ಮೂರು ಸಲ ತೊದಲಿದ.

“ಇವನು ಯಾವ ಕಂಪನಿಯವನೇ?” ಎಂದಳು ಬಟ್ಟೆ ಮಡಿಸುವ ವಿಭಾಗದವಳು. “ಅದು ಬಿಡ್ಸಿ ಇನ್ನೊಂದು ಬಾಟ್ಲಿ ಮಾರೋಕೆ ಬಂದಿದ್ದಾನಾ?”

“ನನ್ನ ತಮ್ಮ ಕಣ್ರೇ.”

“ತಮ್ಮ ಆದ್ರೇನು, ಮಾರಲ್ವಾ?”

ಎಲ್ಲರಿಗಿಂತ ಹಿರಿಯಳು, ಒಗೆಯುವ ಯಂತ್ರದ ದೊಡ್ಡಮ್ಮ, ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ಅಲ್ಲಪ್ಪಾ, ಆವತ್ತು ಬರ್ದಿದ್ದು ಸುಳ್ಳು ಅಂತೀಯ. ಇವತ್ತು ಹೇಳ್ತಿರೋದು ನಿಜ ಅಂತ ನಾವು ಹೇಗೆ ನಂಬೋದು?”

ಈಗ ಏನು ಉತ್ತರ ಕೊಟ್ಟರೂ ಅದನ್ನು ಅವನೇ ನಂಬುತ್ತಿರಲಿಲ್ಲ.

“ನಂಬ್ಬೇಡಿ,” ಎಂದಳು ಅಕ್ಕ. ಚೀಲದಿಂದ ತನ್ನ ರಕ್ತಪರೀಕ್ಷೆಯ ಕಾಗದ ತೆಗೆದು ದೊಡ್ಡಮ್ಮನ ಕೈಗಿಟ್ಟಳು. “ಇವನನ್ನೂ ನಂಬ್ಬೇಡಿ, ನನ್ನನ್ನೂ ನಂಬ್ಬೇಡಿ. ಒಂದ್ಸಲ ನಾನು ಹೇಳಿದ್ದು ಕೇಳಿ ಕೆಟ್ರಿ. ನೀವೇ ಹೋಗಿ ರಕ್ತ ಕೊಟ್ಟು ನೋಡ್ಕೊಳ್ಳಿ. ಬುಧವಾರ ನಾನೂ ಡಾಕ್ಟರಮ್ಮನ ಆಸ್ಪತ್ರೇಲೇ ಇರ್ತೀನಿ.”

ಕಾಗದ ಕೈಯಿಂದ ಕೈಗೆ ಹೋಯಿತು. ಸೈರನ್ ಆಯಿತು, ಎಲ್ಲರೂ ಒಳಗೆ ಹೋದರು. ಅಕ್ಕ ಡಾಕ್ಟರಮ್ಮನ ಚೀಟಿ ಹಿಡಿದು ಮೇಲ್ವಿಚಾರಕರ ಕೋಣೆಗೆ ನಡೆದಳು. ಒಂದು ತಿಂಗಳು ಬೆಳಗಿನ ಪಾಳಿ, ಯಂತ್ರದ ಬದಲು ಬಟ್ಟೆ ಮಡಿಸುವ ಮೇಜು. ಆಮೇಲೆ ನೋಡೋಣ ಎಂದರಂತೆ. ಆ ‘ನೋಡೋಣ’ದ ಮೇಲೆ ತಿದ್ದಪ್ಪನಿಗೆ ಬಲವಾದ ಅನುಮಾನವಿತ್ತು. ಅಕ್ಕನಿಗೂ ಇತ್ತು. ಆದರೆ ಆ ತಿಂಗಳು ಅವಳು ಹತ್ತು ಗಂಟೆಗೆ ಮಲಗಿದಳು.

ಬುಧವಾರ ಆಸ್ಪತ್ರೆಯ ಬೆಂಚಿನಲ್ಲಿ ನಾಲ್ಕು ಜನ ಬಂದು ಕೂತರು. ಬಟ್ಟೆ ಮಡಿಸುವ ವಿಭಾಗದವಳೂ ಇದ್ದಳು. ಐದನೆಯವರಿಗಾಗಿ ಅಕ್ಕ ಬಾಗಿಲ ಕಡೆ ನೋಡುತ್ತ ಕಾದಳು. ಎಷ್ಟೋ ಹೊತ್ತಿನ ಮೇಲೆ ದೊಡ್ಡಮ್ಮ ಬಂದಳು. ತಿದ್ದಪ್ಪನನ್ನು ಕಂಡು ಬಾಗಿಲಲ್ಲೇ ನಿಂತಳು.

“ನೀನ್ಯಾಕೆ ಇಲ್ಲಿ?”

“ಅಕ್ಕನ ಜೊತೆ ಬಂದೆ ದೊಡ್ಡಮ್ಮ.”

“ಹೂಂ.” ಅವನ ಪಕ್ಕದ ಜಾಗ ಖಾಲಿಯಿದ್ದರೂ ಆಚೆ ತುದಿಗೆ ಹೋಗಿ, ಚೀಲವನ್ನು ಅವನಿಂದ ದೂರವಾಗುವಂತೆ ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಅಕ್ಕನ ಕಡೆ ವಾಲಿ, ಅವನಿಗೆ ಕೇಳಿಸಲಿ ಎಂದೇ ಜೋರಾಗಿ ಪಿಸುಗುಟ್ಟಿದಳು:

“ಡಾಕ್ಟರಮ್ಮ ಬರ್ಕೊಟ್ಟ ಚೀಟಿ ಇವನ ಕೈಗೆ ಮಾತ್ರ ಕೊಡ್ಬೇಡ ಕಣೇ.”