ಕತ್ತಲಲ್ಲಿ ತಿಳಿಯಾದ ನೀರು

ಹೊಟ್ಟೆ ಉರಿದು ಆಡಿದ ಮಾತು ತಟ್ಟದೇ ಬಿಡುವುದಿಲ್ಲ ಎಂದು ನನ್ನ ದೊಡ್ಡವ್ವ ಹೇಳುವಾಗಲೆಲ್ಲ ನಾನು ನಗುತ್ತಿದ್ದೆ. ಓದಿದ್ದು ರಸಾಯನಶಾಸ್ತ್ರ. ಮಾತಿಗೆ ತೂಕವಿಲ್ಲ, ಬಿಸಿಯಿಲ್ಲ, ಅದು ಯಾರನ್ನು ಸುಟ್ಟೀತು? ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಬೇರೊಬ್ಬರ ಮೇಲಿದೆ, ಅದು ಇನ್ನೂ ಆರಿಲ್ಲ.

ಕೆಲವು ವರ್ಷಗಳ ಹಿಂದೆ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನನ್ನ ಕೆಲಸವೆಂದರೆ ಒಂದು ಬಿಳಿ ಪುಡಿ. ಅದರ ಕಣಗಳು ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣವು, ನ್ಯಾನೋ ಅನ್ನುತ್ತಾರೆ. ಬಣ್ಣದ ನೀರಿಗೆ ಚಿಟಿಕೆ ಹಾಕಿ ಬಿಸಿಲಿಗಿಟ್ಟರೆ, ಬಿಸಿಲಿನ ಬಲದಿಂದ ಅದು ಬಣ್ಣವನ್ನು ಒಡೆದು ನೀರನ್ನು ತಿಳಿ ಮಾಡುತ್ತದೆ. ಬಿಸಿಲಿಲ್ಲದಿದ್ದರೆ ಅದಕ್ಕೂ ಸುಣ್ಣದ ಪುಡಿಗೂ ವ್ಯತ್ಯಾಸವಿಲ್ಲ. ಗಬ್ಬೂರಿನ ಕಡೆ ಬಟ್ಟೆಗೆ ಬಣ್ಣ ಹಾಕುವ ಶೆಡ್ಡೊಂದರಿಂದ ಗಟಾರಕ್ಕೆ ಹರಿಯುತ್ತಿದ್ದ ಗುಲಾಬಿ ನೀರು ನೋಡಿಯೇ ನಾನು ಈ ಕೆಲಸ ಹಿಡಿದದ್ದು. ಹಬ್ಬ, ಮದುವೆ ಎನ್ನದೆ ದುಡಿದೆ.

ಆ ಕೆಲಸದ ಬಗ್ಗೆ ಲೇಖನ ಅಚ್ಚಾಗಿ ಬಂದಾಗ ಅದರಲ್ಲಿ ನನ್ನ ಗೈಡ್ ಸರ್ ಹೆಸರಿತ್ತು, ಅವರ ಅಳಿಯನ ಹೆಸರಿತ್ತು. ನನ್ನದಿರಲಿಲ್ಲ. ಆ ಅಳಿಯ ಒಂದು ದಿನವೂ ಪುಡಿ ಮುಟ್ಟಿದವನಲ್ಲ. ಕೇಳಲು ಹೋದೆ.

“ಹೆಸರಿಗೆ ದುಡೀತೀಯೇನವಾ? ಊರಿಗೆ ಛಲೋ ಆದ್ರ ಸಾಲದೇನು?” ಎಂದರು ಸರ್. ಅಷ್ಟಕ್ಕೇ ಬಿಡದೆ, ಕೆಲಗೇರಿ ಕೆರೆಯ ದಂಡೆಯಲ್ಲಿ ದೊಡ್ಡ ಮಂದಿಯ ಮುಂದೆ ಪ್ರಯೋಗ ತೋರಿಸುವುದಿದೆ, ಹೊಸದಾಗಿ ಪುಡಿ ಮಾಡಿಕೊಡು ಎಂದರು.

ಮಾಡಿದೆ. ಕಲ್ಲಿನ ಸಣ್ಣ ಬಟ್ಟಲಲ್ಲಿ ಅರೆಯುತ್ತ ಪುಡಿಗೇ ಹೇಳಿದೆ: “ಅವರ ಕೈಯಾಗ ನೀ ಕೆಲಸ ಮಾಡಬ್ಯಾಡ. ಮಂದ್ಯಾಗ ಅವರ ಮಾನ ಹೋಗ್ಲಿ.” ಹೇಳಿದ ಮೇಲೆ ನನಗೇ ನಗು ಬಂತು. ಬಾಯಿಂದ ಅಂದದ್ದಷ್ಟೇ; ಪುಡಿಗೆ ಏನನ್ನೂ ಬೆರೆಸಲಿಲ್ಲ. ಅದರಲ್ಲೇ ಚೂರು ತೆಗೆದು ಬಣ್ಣದ ನೀರಿಗೆ ಹಾಕಿ ಮಹಡಿಯ ಬಿಸಿಲಲ್ಲಿಟ್ಟು ನೋಡಿದೆ, ಬಣ್ಣ ಹೋಯಿತು.

ಪ್ರದರ್ಶನದ ದಿನ ನೆತ್ತಿ ಸುಡುವ ಬಿಸಿಲು. ಎರಡು ಗಾಜಿನ ಜಾಡಿಗಳಲ್ಲಿ ಗುಲಾಬಿ ನೀರು. ಒಂದಕ್ಕೆ ಸರ್ ತಮ್ಮ ಕೈಯಾರೆ ಪುಡಿ ಹಾಕಿದರು, ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಅಳಿಯ ಕೋಟು ಹಾಕಿಕೊಂಡು ಭಾಷಣ ಮಾಡಿದ. ಭಾಷಣ ಮುಗಿಯಿತು, ಚಹಾ ಮುಗಿಯಿತು, ಬಣ್ಣ ಮಾತ್ರ ಕದಲಲಿಲ್ಲ. ಎರಡೂ ಜಾಡಿಗಳು ಅಕ್ಕತಂಗಿಯರ ಹಾಗೆ ಕೂತಿದ್ದವು. “ಇದು ಯಾವಾಗ ಹೋಗ್ತೈತ್ರಿ?” ಎಂದು ಅತಿಥಿಯೊಬ್ಬರು ಗಡಿಯಾರ ನೋಡಿಕೊಂಡರು. ಸರ್ ಕುತ್ತಿಗೆಯ ಬೆವರು ಒರೆಸಿಕೊಂಡರು. ಸುಳ್ಳೇಕೆ ಹೇಳಲಿ, ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಆಗ ಸರ್ ನನ್ನ ಕಡೆ ಕೈ ತೋರಿಸಿದರು. “ಪುಡಿ ಈಕೀದ್ರಿ. ಮೊದಲಿಂದ ಕಡೀತನಕ ಎಲ್ಲಾ ಈಕೀನೇ ಮಾಡಿದ್ದು.” ನನ್ನ ಪೂರ್ತಿ ಹೆಸರು ಹೇಳಿದರು, ಊರು ಸಹಿತ. ಅಷ್ಟು ದಿನ ಕೇಳಬೇಕೆಂದು ಹಂಬಲಿಸಿದ ಮಾತು, ಎಲ್ಲರೂ ನನ್ನನ್ನು ಕನಿಕರದಿಂದ ನೋಡುತ್ತಿರುವಾಗ ಕೇಳಿಸಿತು. ಅವರ ನಾಲಿಗೆ ಸೇದಿಹೋಗಲಿ ಅನ್ನಿಸಿತು.

ಕಾರುಗಳು ಹೋದವು. ಎರಡೂ ಜಾಡಿಗಳಿಗೆ ಮುಚ್ಚಳ ಬಿಗಿದು, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿ ಆಟೋದಲ್ಲಿ ಪ್ರಯೋಗಾಲಯಕ್ಕೆ ತಂದೆ. ತೆರೆದಾಗ ಪುಡಿ ಹಾಕದ ಜಾಡಿ ಗುಲಾಬಿಯಾಗಿಯೇ ಇತ್ತು. ಪುಡಿ ಹಾಕಿದ್ದು ಕುಡಿಯುವ ನೀರಿನಂತೆ ತಿಳಿಯಾಗಿತ್ತು. ಬಣ್ಣ ಪುಡಿಗೆ ಅಂಟಿರಬಹುದೆಂದು ತಳ ನೋಡಿದೆ. ಪುಡಿ ಬೆಳ್ಳಗೇ ಇತ್ತು. ಬಿಸಿಲಲ್ಲಿ ಆಗದ ಕೆಲಸ ಕತ್ತಲ ಪೆಟ್ಟಿಗೆಯಲ್ಲಿ ಆಗಿತ್ತು. ಅವರ ಕೈಯಲ್ಲಿ ಬೇಡ ಅಂದಿದ್ದೆ. ಅದು ನನ್ನದೆಂದು ಅವರೇ ಒಪ್ಪಿದ ಮೇಲೆ ಆಯಿತೇ? ಉಳಿದ ಪುಡಿಯನ್ನು ಮುಂದೆ ಎಷ್ಟೋ ಸಲ ಬಣ್ಣದ ನೀರಿಗೆ ಹಾಕಿ ಕತ್ತಲಲ್ಲಿಟ್ಟು ನೋಡಿದೆ, ಏನೂ ಆಗಲಿಲ್ಲ. ಬಿಸಿಲಿಗಿಟ್ಟರೆ ಎಂದಿನಂತೆ ಕೆಲಸ ಮಾಡಿತು. ತಿಳಿದವರನ್ನು ಕೇಳಿದೆ, ಅವರೂ ತಲೆ ಕೆರೆದುಕೊಂಡರು. ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವತ್ತು ಆ ಜಾಡಿ ಇನ್ನೂ ಕೈಯಲ್ಲಿರುವಾಗಲೇ ಸರ್ ಫೋನು ಬಂತು.

“ಏನಾತವಾ, ಬಣ್ಣ ಹೋತೇನು?” ದನಿ ಸಣ್ಣಗಾಗಿತ್ತು. “ಹೋಗಿದ್ರ ಹೇಳು, ನಾಳೆ ಎಲ್ಲಾರನ್ನೂ ಮತ್ತ ಕರೀತೇನಿ. ಈ ಸಲ ನಿನ್ನ ಹೆಸರೂ ಹಾಕೋಣಂತ.”

ಜಾಡಿಯನ್ನು ಕಿಟಕಿಗೆ ಹಿಡಿದೆ. ಆಚೆಯ ಬೇವಿನ ಮರದ ಎಲೆ ಎಲೆಯೂ ನೀರಿನೊಳಗಿಂದ ಕಾಣುತ್ತಿತ್ತು.

“ಇಲ್ಲರಿ ಸರ್,” ಎಂದೆ, “ಹಂಗೇ ಐತ್ರಿ.”