ಹಿಂದಿನ ಸೀಟಿನ ಮೆಕ್ಯಾನಿಕ್

ಎಚ್.ಡಿ. ಕೋಟೆಯ ನಮ್ಮ ಮೆಕ್ಯಾನಿಕ್ ದನಿ ನನಗೆ ಚೆನ್ನಾಗಿ ಬರುತ್ತದೆ. ಮೂಗು ಬಿಗಿಹಿಡಿದು "ನೀ ಸುಮ್ಕಿರ್ಲಾ, ಗಾಡಿ ಯೋಳ್ತದೆ" ಅಂದರೆ ಅವರ ಹೆಂಡತಿಯೇ ಮೋಸ ಹೋಗಿ ತಿರುಗಿ ನೋಡಿದ್ದುಂಟು.

ತುಂಬು ಬಸುರಿ ಅಕ್ಕನನ್ನು ಎನ್. ಬೇಗೂರಿನಿಂದ ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ನಮ್ಮ ಕಾರೋ, ಆಕ್ಸಿಲರೇಟರ್ ಒತ್ತಿದರೆ ಸಾಕು, ಮೈಮೇಲೆ ದೇವರು ಬಂದವರ ಹಾಗೆ ನಡುಗುತ್ತಿತ್ತು. ಮೆಕ್ಯಾನಿಕ್ ಹತ್ತಿರ ಒಯ್ದು, ಮಹಾ ತಿಳಿದವನಂತೆ, "ಟೈರೇ ಕಣಣ್ಣ, ಗ್ಯಾರಂಟಿ," ಅಂದೆ.

"ನೀ ಸುಮ್ಕಿರ್ಲಾ, ಗಾಡಿ ಯೋಳ್ತದೆ."

ಚೊಂಬಿನ ತುಂಬ ನೀರು ಹಿಡಿದು ಅವರು ಹಿಂದಿನ ಸೀಟಿನಲ್ಲಿ ಕೂತರು.

"ಮುಂದೆ ಬಾಣ್ಣ."

"ನಿಮ್ಮಕ್ಕ ಕೂರೋದು ಇಲ್ಲೇ ತಾನೆ? ಓಡ್ಸು."

ಆಕ್ಸಿಲರೇಟರ್ ಒತ್ತಿದೆ, ನೀರು ಕುಣಿಯಿತು. ಕಾಲು ತೆಗೆದೆ, ನಿಂತಿತು.

"ಟೈರಾಗಿದ್ರೆ ಕಾಲ್ ತೆಗುದ್ರೂವೆ ಕುಣೀತಿತ್ತು ಕಣ್ಲಾ," ಅಂದರು. ಕಾರಿನಡಿ ನುಗ್ಗಿ ನೋಡಿದರೆ, ಆಕ್ಸಲಿನ ರಬ್ಬರ್ ಹರಿದು, ಗ್ರೀಸೆಲ್ಲ ಸೋರಿ, ಒಳಗಿನ ಜಾಯಿಂಟು ಸವೆದಿತ್ತು.

ಹೊಸದು ಹಾಕಿ ಮತ್ತೆ ಚೊಂಬು ಹಿಡಿದು ಕೂತರು. ಎಷ್ಟು ಒತ್ತಿದರೂ ಒಂದು ಹನಿ ತುಳುಕಲಿಲ್ಲ. ನನಗೆ ಖುಷಿ ತಡೆಯಲಾಗಲಿಲ್ಲ. ಅವರ ಮೂಗಿನ ದನಿಯಲ್ಲೇ "ನೀ ಸುಮ್ಕಿರ್ಲಾ" ಎನ್ನುತ್ತ ಹಿಂದಕ್ಕೆ ತಿರುಗಿದೆ. ಮುಂದೆ ಹಂಪ್ ಇತ್ತು. ಕಾರು ಎಗರಿತು, ಚೊಂಬಿನ ನೀರೆಲ್ಲ ಅವರ ಮುಖಕ್ಕೆ.

ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಇಳಿದು ಬಂದು, ನನ್ನ ಕಡೆಯ ಬಾಗಿಲು ತೆಗೆದರು.

"ಗಾಡೀದು ವಾಸಿಯಾಯ್ತು. ಸರ್ಕೊ ಅತ್ಲಾಗೆ, ನಿಮ್ಮಕ್ಕನ್ನ ನಾನೇ ಕರ್ಕಂಡ್ ಬತ್ತೀನಿ."